ಬ್ಯಾಟರಿಯಿಂದ ಸ್ಪೀಕರಿನವರೆಗೆ: ಒಂದು ರಿಪೇರಿಯ ಚರಿತ್ರೆ

ಜಗಳೂರು ಸೀಮೆಯಲ್ಲಿ ಮೆಕ್ಕೆಜೋಳದ ಕೊಯ್ಲಿನ ದಿನಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ನಡುವಿನ ರಸ್ತೆಯಲ್ಲಿ ಸಾಗುವ ಜೀಪು, ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವ ಟೆಂಪೋ, ನ್ಯಾಮತಿಯಿಂದ ಜಾತ್ರೆಗೆ ಹೊರಟ ಗೂಡ್ಸ್ ಆಟೋ, ಎಲ್ಲದರಲ್ಲೂ ಹಾಡು ಇದ್ದೇ ಇರುತ್ತದೆ. ಕಾರಿಗೆಂದು ತಯಾರಾದ ಆಂಪ್ಲಿಫೈಯರು ನಮ್ಮ ಕಡೆ ಕಾರಿಗಿಂತ ಹೆಚ್ಚಾಗಿ ದುಡಿಯುವ ಗಾಡಿಗಳನ್ನೇ ಏರಿ ಕುಳಿತಿದೆ.

ಒಂದು ದಿನ ಈ ಹಾಡು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಸೀಟಿನ ಹಿಂದೆ ತಿರುಪು ಹಾಕಿ ಕೂರಿಸಿದ ಅಲ್ಯೂಮಿನಿಯಂ ಪೆಟ್ಟಿಗೆ ಮೌನವಾಗುತ್ತದೆ. ಆಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಪೇಟೆಗೆ ಹೋಗಿ ಹೊಸದನ್ನು ತರುವುದು. ಇನ್ನೊಂದು, ಪೆಟ್ಟಿಗೆಯನ್ನು ಮನೆಯ ಜಗುಲಿಯಲ್ಲೋ ಪರಿಚಯದ ರಿಪೇರಿಯವನ ಮೇಜಿನ ಮೇಲೋ ಇಟ್ಟು ಬಿಚ್ಚಿ ನೋಡುವುದು. ಈ ಲೇಖನ ಎರಡನೆಯ ದಾರಿಯನ್ನು ಕುರಿತದ್ದು. ಕೆಟ್ಟ ಆಂಪ್ಲಿಫೈಯರಿನ ದೋಷ ಹುಡುಕುವವನು ಬ್ಯಾಟರಿಯ ತುದಿಯಿಂದ ಹೊರಟು ಸ್ಪೀಕರಿನ ತುದಿಯವರೆಗೆ ಒಂದೊಂದೇ ಮೆಟ್ಟಿಲು ದಾಟುತ್ತಾನೆ. ಗಮನಿಸಿ ನೋಡಿದರೆ ಆ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾಲದ ಕಥೆ ಅಂಟಿಕೊಂಡಿದೆ. ಒಂದು ಪೆಟ್ಟಿಗೆಯ ರಿಪೇರಿ ಎಂದರೆ ಸುಮಾರು ನೂರು ವರ್ಷಗಳ ಚರಿತ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಂತೆ.

ಹಳ್ಳಿಗೆ ಬಂದ ದನಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಮಲೆನಾಡಿನ ಅಂಚಿನ ನಮ್ಮ ಊರುಗಳಿಗೆ ಆಕಾಶವಾಣಿ ಹತ್ತಿರದ ನೆಂಟನಾದದ್ದು 1965ರಲ್ಲಿ, ಭದ್ರಾವತಿ ಕೇಂದ್ರ ಶುರುವಾದ ಮೇಲೆ. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನ ಊರು. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಇವು ದಾವಣಗೆರೆಯ ಆಡಳಿತಕ್ಕೆ ಬಂದದ್ದು 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ.

ಕರೆಂಟು ಬಾರದ ಹಳ್ಳಿಗಳಲ್ಲೂ ಪಂಚಾಯಿತಿ ಕಟ್ಟೆಯ ಮೇಲಿನ ರೇಡಿಯೋ ಬ್ಯಾಟರಿಯ ಬಲದಿಂದ ಹಾಡುತ್ತಿತ್ತು. ಟೂರಿಂಗ್ ಟಾಕೀಸಿನವರು ಎತ್ತಿನ ಗಾಡಿಗೋ ಜಟಕಾಕ್ಕೋ ಹಾರ್ನ್ ಕಟ್ಟಿಕೊಂಡು ಆ ದಿನದ ಸಿನಿಮಾ ಯಾವುದೆಂದು ಸಾರುತ್ತ ಹೋಗುತ್ತಿದ್ದರು. ಚುನಾವಣೆ ಬಂದರೆ ಜೀಪಿನ ತಲೆಯ ಮೇಲೆ ಅದೇ ಹಾರ್ನ್. ಮದುವೆ, ಭಜನೆ, ಬಯಲಾಟ, ಊರ ಹಬ್ಬ ಎಲ್ಲಕ್ಕೂ 'ಮೈಕ್ ಸೆಟ್' ಬೇಕಾಯಿತು. ಗಾಡಿಯ ಬ್ಯಾಟರಿಯಿಂದ ದನಿ ಎಬ್ಬಿಸುವ ವಿದ್ಯೆ ನಮ್ಮ ಸೀಮೆಗೆ ಮೊದಲು ಕಾಲಿಟ್ಟದ್ದು ಹೀಗೆ, ಶೋಕಿಯಾಗಿ ಅಲ್ಲ, ಸಾರುವ ಕೆಲಸವಾಗಿ.

ಸೆಟ್ಟುಗಳು ಬಂದಲ್ಲಿ ಅವು ಕೆಡುವುದೂ ಬಂತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತು ಅಡಿ ಅಗಲದ ರಿಪೇರಿ ಅಂಗಡಿಗಳು ಹುಟ್ಟಿಕೊಂಡವು. ಅಲ್ಲಿ ಕೆಲಸ ಕಲಿತವರಲ್ಲಿ ಕೆಲವರು ಐಟಿಐ ಓದಿದವರು, ಹಲವರು ಗುರುವಿನ ಪಕ್ಕದ ಸ್ಟೂಲಿನಲ್ಲಿ ಕುಳಿತು ಕಲಿತವರು. ಸಾಮಾನು ಬೇಕಾದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು, ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. ರೇಡಿಯೋದಿಂದ ಟೇಪ್‌ರೆಕಾರ್ಡರಿಗೆ, ಟೇಪ್‌ರೆಕಾರ್ಡರಿನಿಂದ ಟಿ.ವಿ.ಗೆ, ಅಲ್ಲಿಂದ ಗಾಡಿಯ ಆಂಪ್ಲಿಫೈಯರಿಗೆ ಇವರ ಕೈ ದಾಟಿ ಬಂತು. ಉಪಕರಣ ಬದಲಾದರೂ ದೋಷ ಹುಡುಕುವ ಕ್ರಮ ಮಾತ್ರ ಬದಲಾಗಲಿಲ್ಲ.

ಫ್ಯೂಸು ಎಂಬ ಜ್ವರ

ಆ ಕ್ರಮದ ಮೊದಲ ಪಾಠ: ಪೆಟ್ಟಿಗೆಯನ್ನು ಬಿಚ್ಚುವುದಕ್ಕಿಂತ ಮುಂಚೆ ಅದರ ಹೊರಗೆ ನೋಡು. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ಬರುವ ದಪ್ಪ ಪಾಸಿಟಿವ್ ತಂತಿ ಒಂದು, ಗಾಡಿಯ ಮೈಗೆ ಜೋಡಿಸಿದ ಅರ್ತ್ ತಂತಿ ಇನ್ನೊಂದು. ಮೂರನೆಯದು 'ರಿಮೋಟ್' ಎನ್ನುವ ಸಣ್ಣ ತಂತಿ. ಸ್ಟೀರಿಯೋ ಹಚ್ಚಿದಾಗ ಇದರಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಪೆಟ್ಟಿಗೆ ಸತ್ತಂತೆ ಕಾಣುತ್ತದೆ, ಆದರೆ ಸತ್ತಿರುವುದಿಲ್ಲ. ಟ್ರ್ಯಾಕ್ಟರುಗಳಲ್ಲಂತೂ ಅರ್ತ್ ತಂತಿ ಕೂರಿಸಿದ ಜಾಗದಲ್ಲಿ ತುಕ್ಕು, ಬಣ್ಣ, ಕೆಸರು ಸೇರಿಕೊಂಡು ಸಂಪರ್ಕ ತಪ್ಪುವುದು ಸಾಮಾನ್ಯ. ಉಪ್ಪುಕಾಗದದಿಂದ ಆ ಜಾಗವನ್ನು ತಿಕ್ಕಿ, ತಿರುಪು ಬಿಗಿ ಮಾಡಿದರೆ ಹಾಡು ಮರಳಿ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ನಂತರದ್ದು ಫ್ಯೂಸು. ಫ್ಯೂಸು ಹೋದದ್ದನ್ನು ಕಂಡು ಹೊಸದು ಹಾಕುವುದು, ಅದೂ ಹೋದರೆ ಇನ್ನೂ ದಪ್ಪನೆಯದು ಹಾಕುವುದು, ಕೊನೆಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ನಮ್ಮಲ್ಲಿ ರೂಢಿಯಾಗಿರುವ ದೊಡ್ಡ ತಪ್ಪು. ಫ್ಯೂಸು ಸುಡುವುದು ಕಾಯಿಲೆಯಲ್ಲ, ಅದು ಜ್ವರ. ಒಳಗೆ ಎಲ್ಲೋ ಏನೋ ಆಗಿದೆ ಎಂದು ಅದು ಹೇಳುತ್ತಿದೆ. ಮನೆಯ ಕರೆಂಟಿನ ಹಾಗೆ 12 ವೋಲ್ಟಿನ ಬ್ಯಾಟರಿ ಮೈಗೆ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಶಾರ್ಟ್ ಆದರೆ ಅದು ಹರಿಸುವ ನೂರಾರು ಆಂಪಿಯರ್ ಪ್ರವಾಹಕ್ಕೆ ತಂತಿ ಕೆಂಪಗೆ ಕಾದು ಗಾಡಿಗೇ ಬೆಂಕಿ ಹತ್ತಬಹುದು.

ಇಲ್ಲಿ ನಮ್ಮ ರಿಪೇರಿ ಅಂಗಡಿಗಳ ಒಂದು ಹಳೆಯ ಉಪಾಯವನ್ನು ನೆನೆಯಬೇಕು. ಅದೇ 'ಸೀರೀಸ್ ಬೋರ್ಡ್'. ಅನುಮಾನದ ಯಾವ ಸೆಟ್ಟನ್ನೂ ಅವರು ನೇರವಾಗಿ ಕರೆಂಟಿಗೆ ಕೊಡುತ್ತಿರಲಿಲ್ಲ. ನಡುವೆ ಒಂದು ಸಾದಾ ಬಲ್ಬನ್ನು ಸರಣಿಯಲ್ಲಿ ಜೋಡಿಸುತ್ತಿದ್ದರು. ಸೆಟ್ಟಿನಲ್ಲಿ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಹತ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಕಾರಿನ ಆಂಪ್ಲಿಫೈಯರಿಗೂ ಇದೇ ಉಪಾಯ ಸಲ್ಲುತ್ತದೆ. ಗಾಡಿಯ ಬ್ರೇಕ್ ಲೈಟಿನ 12 ವೋಲ್ಟ್, 21 ವಾಟಿನ ಬಲ್ಬನ್ನು ಪಾಸಿಟಿವ್ ತಂತಿಯ ನಡುವೆ ಜೋಡಿಸಿದರೆ, ಒಳಗೆ ಎಂಥ ಶಾರ್ಟ್ ಇದ್ದರೂ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಪೆಟ್ಟಿಗೆ ಬಹುಮಟ್ಟಿಗೆ ಕ್ಷೇಮ. ಬಿಡದೆ ಪ್ರಖರವಾಗಿ ಉರಿದರೆ ಒಳಗೆ ಶಾರ್ಟ್ ಇದೆ ಎಂದೇ ಅರ್ಥ. ಕೆಲವೇ ರೂಪಾಯಿಗಳ ಬಲ್ಬು ಮಾಡುವ ರೋಗನಿದಾನ ಇದು.

ಹನ್ನೆರಡು ವೋಲ್ಟಿನ ಬಡತನ

ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಬಳೆಯಂಥ ಉಂಗುರಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರು. ಬ್ಯಾಟರಿಯಿಂದ ನಡೆಯುವ ಯಂತ್ರಕ್ಕೆ ಟ್ರಾನ್ಸ್‌ಫಾರ್ಮರು ಯಾಕೆ? ಈ ಪ್ರಶ್ನೆಯ ಉತ್ತರದಲ್ಲಿ ಚರಿತ್ರೆಯ ಒಂದು ವಿನೋದವಿದೆ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ಮೂರು ತುದಿಯ ವಾಲ್ವೇ ಆಂಪ್ಲಿಫೈಯರಿನ ಮೂಲಪುರುಷ. ಗಾಜಿನ ಬುರುಡೆಯ ಈ ವಾಲ್ವಿಗೆ ಕೆಲಸ ಮಾಡಲು ನೂರಾರು ವೋಲ್ಟ್ ಬೇಕಾಗುತ್ತಿತ್ತು. 1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಸಹೋದರರು 'ಮೋಟೊರೋಲ' ಎಂಬ ಹೆಸರಿನಲ್ಲಿ ಕಾರಿನ ರೇಡಿಯೋ ಮಾರಾಟಕ್ಕೆ ತಂದರು. ಅಂದಿನ ಕಾರುಗಳಲ್ಲಿದ್ದದ್ದು ಆರು ವೋಲ್ಟಿನ ಬ್ಯಾಟರಿ. ಅಷ್ಟರಿಂದ ವಾಲ್ವಿಗೆ ಬೇಕಾದ ವೋಲ್ಟೇಜು ಪಡೆಯಲು ಆ ಕಾಲದ ತಂತ್ರಜ್ಞರು 'ವೈಬ್ರೇಟರ್' ಎಂಬ ಸಾಧನವನ್ನು ಬಳಕೆಗೆ ತಂದರು. ಕಾಲಿಂಗ್ ಬೆಲ್ಲಿನ ನಾಲಗೆಯಂತೆ ಸೆಕೆಂಡಿಗೆ ನೂರು ಸಲದ ಲೆಕ್ಕದಲ್ಲಿ ಅದುರುವ ಒಂದು ಲೋಹದ ಪಟ್ಟಿ ಬ್ಯಾಟರಿಯ ನೇರ ಪ್ರವಾಹವನ್ನು ತುಂಡುತುಂಡಾಗಿ ಕತ್ತರಿಸುತ್ತಿತ್ತು. ಹಾಗೆ ಕತ್ತರಿಸಿದ ಪ್ರವಾಹವನ್ನು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವೋಲ್ಟೇಜು ಏರಿಸಬಹುದಿತ್ತು. ಪಟ್ಟಿಯ ತುದಿಗಳು ಸವೆದು ಕಪ್ಪಾಗುವುದೇ ಆ ಕಾಲದ ಕಾರ್ ರೇಡಿಯೋದ ದೊಡ್ಡ ಕಾಯಿಲೆ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇದಕ್ಕೆ ಹೆಚ್ಚಿನ ವೋಲ್ಟೇಜು ಬೇಕಿರಲಿಲ್ಲ. ಬ್ಯಾಟರಿಯ ವೋಲ್ಟೇಜೇ ನೇರವಾಗಿ ಸಾಕಾಗಿ, ವೈಬ್ರೇಟರು ಮೂಲೆ ಸೇರಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜನರಿಗೆ ಹೆಚ್ಚು ಸದ್ದು ಬೇಕಾಯಿತು.

ಲೆಕ್ಕ ಸರಳವಾಗಿದೆ. 12 ವೋಲ್ಟಿನ ಬ್ಯಾಟರಿಯಿಂದ ನಾಲ್ಕು ಓಮ್‌ಗಳ ಸ್ಪೀಕರಿಗೆ ಸಾದಾ ಆಂಪ್ಲಿಫೈಯರು ಕೊಡಬಲ್ಲದ್ದು ಹೆಚ್ಚೆಂದರೆ ನಾಲ್ಕೂವರೆ ವಾಟ್. ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ಒಂದೇ ಸ್ಪೀಕರಿಗೆ ಜೋಡಿಸುವ 'ಬ್ರಿಜ್' ಕ್ರಮದಲ್ಲಿ ಅದು ನಾಲ್ಕು ಪಟ್ಟು, ಅಂದರೆ 18 ವಾಟ್ ಆಗುತ್ತದೆ. ಅದರಾಚೆ ಹೋಗಲು ಬ್ಯಾಟರಿಯ ಬಡತನ ಬಿಡುವುದಿಲ್ಲ. ಅದೇ ಸ್ಪೀಕರಿನಲ್ಲಿ ನೂರು ವಾಟ್ ಬೇಕೆಂದರೆ ಪಾಸಿಟಿವ್ ಕಡೆಗೂ ನೆಗೆಟಿವ್ ಕಡೆಗೂ ತಲಾ ಮೂವತ್ತು ವೋಲ್ಟಿನಷ್ಟಾದರೂ ಬೇಕು. ಹಾಗಾಗಿ ಮೂಲೆ ಸೇರಿದ್ದ ಹಳೆಯ ಉಪಾಯ ಹೊಸ ವೇಷದಲ್ಲಿ ಮರಳಿ ಬಂತು. ಅದುರುವ ಪಟ್ಟಿಯ ಜಾಗದಲ್ಲಿ 'ಮಾಸ್ಫೆಟ್' ಎಂಬ ಟ್ರಾನ್ಸಿಸ್ಟರುಗಳು ಬಂದು, ಬ್ಯಾಟರಿಯ ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸತೊಡಗಿದವು. ಅವುಗಳಿಗೆ ತಾಳ ಹಾಕುವ ಕೆಲಸ ಹಲವು ಪೆಟ್ಟಿಗೆಗಳಲ್ಲಿ ಟಿಎಲ್ 494 ಎಂಬ ಐಸಿಯದು. ಕತ್ತರಿಸುವ ವೇಗ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಬಹುದು. ಬಳೆಯಷ್ಟು ದೊಡ್ಡ ಉಂಗುರ ಸಾಕಾಗುವುದು ಅದಕ್ಕೇ.

ಫ್ಯೂಸು ಪದೇ ಪದೇ ಸುಡುವ ಪೆಟ್ಟಿಗೆಗಳಲ್ಲಿ ರಿಪೇರಿಯವನು ಮೊದಲು ಅನುಮಾನಿಸುವುದು ಈ ಮಾಸ್ಫೆಟ್‌ಗಳನ್ನೇ. ಬ್ಯಾಟರಿ ತಂತಿ ಕಳಚಿ, ದೊಡ್ಡ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯುವವರೆಗೆ ಕಾದು, ಮಲ್ಟಿಮೀಟರನ್ನು ಡಯೋಡ್ ಗುರುತಿನಲ್ಲಿಟ್ಟು ಅವುಗಳ ಕಾಲುಗಳ ನಡುವೆ ಅಳೆಯುತ್ತಾನೆ. ಮೀಟರು ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟಿನ ಅನುಮಾನ ಗಟ್ಟಿ. ಸಾಲಿನಲ್ಲಿ ಒಂದು ಹೋಗಿದ್ದರೂ ಪಕ್ಕದವೂ ಪೆಟ್ಟು ತಿಂದಿರುತ್ತವೆ. ಆದ್ದರಿಂದ ಅನುಭವಿಗಳು ಇಡೀ ಗುಂಪನ್ನೇ ಬದಲಾಯಿಸುತ್ತಾರೆ. ಇನ್ನೊಂದು ಕಡೆಯೂ ಕಣ್ಣು ಹಾಯಿಸಬೇಕು. ಬ್ಯಾಟರಿ ಬದಲಾಯಿಸುವಾಗ ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಎಂಬ ಭಯಕ್ಕೆ ಹಲವು ಪೆಟ್ಟಿಗೆಗಳ ಬಾಗಿಲಲ್ಲೇ ಒಂದು ಡಯೋಡು ಕಾವಲಿಗಿರುತ್ತದೆ. ತಪ್ಪು ಜೋಡಣೆಯಾದಾಗ ಅದು ಫ್ಯೂಸನ್ನು ಸುಡಿಸಿ, ಕೆಲವೊಮ್ಮೆ ತಾನೂ ಸತ್ತು ಒಳಗಿನವರನ್ನು ಉಳಿಸುತ್ತದೆ. ಹಲವು ಲಾರಿ, ಬಸ್ಸುಗಳಲ್ಲಿ 24 ವೋಲ್ಟ್ ಇರುತ್ತದೆಂಬುದನ್ನು ಮರೆತು 12 ವೋಲ್ಟಿನ ಪೆಟ್ಟಿಗೆ ಜೋಡಿಸುವವರಿಂದ ಮಾತ್ರ ಅದನ್ನು ಯಾವ ಕಾವಲುಗಾರನೂ ಕಾಯಲಾರ.

ವಾಲ್ವಿನಿಂದ ಐಸಿಗೆ

ಮುಂದಿನ ಮೆಟ್ಟಿಲು ಸ್ಪೀಕರಿಗೆ ಬಲ ಕೊಡುವ ಔಟ್‌ಪುಟ್ ವಿಭಾಗ. ವಾಲ್ವಿನ ಕಾಲದಲ್ಲಿ ಇಲ್ಲಿನ ರಿಪೇರಿಗೆ ಕಣ್ಣೇ ದೊಡ್ಡ ಉಪಕರಣವಾಗಿತ್ತು. ಯಾವ ವಾಲ್ವಿನೊಳಗಿನ ಕೆಂಪು ತಂತಿ ಬೆಳಗುತ್ತಿಲ್ಲವೋ ಅದನ್ನು ಕೈಯಿಂದಲೇ ಕಿತ್ತು ಇನ್ನೊಂದನ್ನು ಸಿಕ್ಕಿಸಿದರಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಎರಡು ಯುಗಗಳ ಸಾಮಾನು ನಮ್ಮ ನಾಡಿನ ಒಂದೇ ಕಾರ್ಖಾನೆಯಿಂದ ಒಂದು ವರ್ಷದ ಅಂತರದಲ್ಲಿ ಹೊರಬಂದದ್ದು ಸ್ವಾರಸ್ಯದ ಸಂಗತಿ.

ಟ್ರಾನ್ಸಿಸ್ಟರು ಬಂದಮೇಲೆ ಬೆಸುಗೆಯ ಕಡ್ಡಿಯಿಲ್ಲದೆ ರಿಪೇರಿ ಇಲ್ಲ ಎಂದಾಯಿತು. ಲೋಹದ ಟೋಪಿ ಹಾಕಿಕೊಂಡಂತಿರುವ 2ಎನ್ 3055 ಟ್ರಾನ್ಸಿಸ್ಟರು ಮೈಕ್ ಸೆಟ್ಟುಗಳ ಕಾಲದ ಎಲ್ಲ ರಿಪೇರಿಯವರಿಗೂ ಮನೆಮಾತು. ಆಮೇಲೆ ಹತ್ತಾರು ಟ್ರಾನ್ಸಿಸ್ಟರುಗಳ ಕೆಲಸವನ್ನು ಒಂದೇ ತುಂಡಿನಲ್ಲಿ ಮಾಡುವ ಐಸಿಗಳು ಬಂದವು. ಕೆಟ್ಟರೆ ಇಡೀ ತುಂಡನ್ನೇ ಬದಲಾಯಿಸಬೇಕು. ಒಳಗೆ ಏನಾಗಿದೆಯೆಂದು ತಿಳಿಯುವ ಅಗತ್ಯವೂ ಇಲ್ಲ, ದಾರಿಯೂ ಇಲ್ಲ.

ಪೆಟ್ಟಿಗೆಯ ಮೇಲೆ 'ಪ್ರೊಟೆಕ್ಷನ್' ಎಂಬ ಕೆಂಪು ದೀಪ ಹತ್ತಿದರೆ ಒಳಗಿನ ರಕ್ಷಣಾ ವ್ಯವಸ್ಥೆ ತಾನಾಗಿ ಬಾಗಿಲು ಮುಚ್ಚಿದೆ ಎಂದು ತಿಳಿಯಬೇಕು. ಆಗ ಮಾಡಬೇಕಾದ ಮೊದಲ ಕೆಲಸ ಸ್ಪೀಕರಿನ ತಂತಿಗಳನ್ನೆಲ್ಲ ಕಳಚುವುದು. ದೀಪ ಆರಿದರೆ ತಪ್ಪು ಹೊರಗಿದೆ: ಎಲ್ಲೋ ತಂತಿ ಉಜ್ಜಿ ಗಾಡಿಯ ಮೈಗೆ ತಾಗಿದೆ, ಇಲ್ಲವೇ ಸ್ಪೀಕರ್ ಸುಟ್ಟಿದೆ. ಆರದಿದ್ದರೆ ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಅಳೆಯಬೇಕು. ಹೀಗೆ ಸಮಸ್ಯೆಯನ್ನು ಎರಡು ಪಾಲು ಮಾಡಿ, ಒಳ್ಳೆಯ ಪಾಲನ್ನು ಬದಿಗಿಟ್ಟು, ಕೆಟ್ಟ ಪಾಲನ್ನು ಮತ್ತೆ ಎರಡು ಮಾಡುತ್ತ ಹೋಗುವುದೇ ಈ ವಿದ್ಯೆಯ ತಿರುಳು. ಪುಸ್ತಕ ಓದದ ರಿಪೇರಿಯವನೂ ಇದನ್ನು ಪಾಲಿಸುತ್ತಾನೆ.

ಹೊಸ ಟ್ರಾನ್ಸಿಸ್ಟರು ಕೂರಿಸುವಾಗ ಹೊಸಬರು ಮರೆಯುವುದು ಅಭ್ರಕದ ತೆಳು ಹಾಳೆಯನ್ನು. ಟ್ರಾನ್ಸಿಸ್ಟರಿನ ಬೆನ್ನಿನ ಲೋಹದಲ್ಲೂ ಸಾಮಾನ್ಯವಾಗಿ ವಿದ್ಯುತ್ತು ಇರುತ್ತದೆ. ಅದು ಪೆಟ್ಟಿಗೆಯ ಮೈಗೆ ತಾಗಬಾರದು, ಆದರೆ ಅದರ ಬಿಸಿ ಮಾತ್ರ ಪೆಟ್ಟಿಗೆಗೆ ಇಳಿಯಬೇಕು. ಬಿಸಿಯನ್ನು ಬಿಟ್ಟು ವಿದ್ಯುತ್ತನ್ನು ತಡೆಯುವ ಗುಣ ಅಭ್ರಕಕ್ಕಿದೆ. ಆ ಹಾಳೆಯಿಲ್ಲದೆ ತಿರುಪು ಬಿಗಿದರೆ ದಿನವಿಡೀ ಮಾಡಿದ ರಿಪೇರಿ ಒಂದು ಕ್ಷಣದಲ್ಲಿ ಹೊಗೆಯಾಗುತ್ತದೆ.

ಅಲುಗಾಟದ ಕಾಯಿಲೆ

ಮನೆಯ ಸೆಟ್ಟಿಗೆ ಬಾರದ ಎರಡು ಕಾಯಿಲೆಗಳು ಗಾಡಿಯ ಸೆಟ್ಟಿಗಿವೆ. ಒಂದು, ಅಲುಗಾಟದಿಂದ ಬೆಸುಗೆ ಬಿರುಕು ಬಿಡುವುದು. ಹೊಲದ ಬದುವನ್ನು ಹತ್ತಿ ಇಳಿಯುವ ಟ್ರ್ಯಾಕ್ಟರಿನ ಮೇಲೆ ಭಾರದ ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳು ದಿನವೂ ಜಗ್ಗಾಡುತ್ತವೆ. ಅವುಗಳ ಕಾಲಿನ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು ಮೂಡುತ್ತದೆ. 'ಡ್ರೈ ಸೋಲ್ಡರ್' ಎನ್ನುವುದು ಇದನ್ನೇ. ಗುಂಡಿಗೆ ಇಳಿದಾಗ ಹಾಡು ನಿಂತು, ಏರಿದಾಗ ಬರುವುದು ಇದರ ಲಕ್ಷಣ. ಮರದ ಕಡ್ಡಿಯಿಂದ ಬೋರ್ಡಿನ ಅಲ್ಲಲ್ಲಿ ಮೆಲ್ಲಗೆ ತಟ್ಟಿ, ಎಲ್ಲಿ ತಟ್ಟಿದಾಗ ದನಿ ಕರಕರ ಎನ್ನುವುದೋ ಅಲ್ಲಿ ಹೊಸ ಬೆಸುಗೆ ಹಾಕಿದರೆ ಬಹಳಷ್ಟು ಸೆಟ್ಟುಗಳು ಒಂದು ಪೈಸೆಯ ಸಾಮಾನಿಲ್ಲದೆ ಬದುಕುತ್ತವೆ. ಮನೆಯಲ್ಲಿ ಪ್ರಯತ್ನಿಸುವವರು ಶುರು ಮಾಡಬೇಕಾದ ರಿಪೇರಿ ಇದೇ. ಬೆಸುಗೆಯಲ್ಲಿ ಸೀಸವಿರುವುದರಿಂದ ಆಮೇಲೆ ಕೈ ತೊಳೆಯಬೇಕು. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ಕಿಡಿ ತಾಗಬಾರದಾದ್ದರಿಂದ ಗಾಳಿಯಾಡುವ ಜಗುಲಿಯೇ ಈ ಕೆಲಸಕ್ಕೆ ಮೇಲು.

ಇನ್ನೊಂದು, ಎಂಜಿನ್ನಿನ ಜೊತೆಗೆ ಏರಿಳಿಯುವ 'ಕುಯ್ಯ್' ಎಂಬ ರಾಗ. ಅದು ಆಲ್ಟರ್ನೇಟರಿನ ದನಿ. ಸ್ಟೀರಿಯೋ ಒಂದು ಕಡೆ, ಆಂಪ್ಲಿಫೈಯರು ಇನ್ನೊಂದು ಕಡೆ ಅರ್ತ್ ಆಗಿದ್ದರೆ ಆ ಎರಡು ಜಾಗಗಳ ನಡುವಿನ ಸಣ್ಣ ವೋಲ್ಟೇಜು ಹಾಡಿನೊಳಗೆ ನುಸುಳುತ್ತದೆ. ಪೆಟ್ಟಿಗೆಯಲ್ಲಿ ದೋಷವೇ ಇರುವುದಿಲ್ಲ. ಎರಡನ್ನೂ ಒಂದೇ ಜಾಗದಲ್ಲಿ ಭದ್ರವಾಗಿ ಅರ್ತ್ ಮಾಡಿದರೆ ಈ ರಾಗ ಬಹುತೇಕ ನಿಲ್ಲುತ್ತದೆ.

ಕೊನೆಯ ಮೆಟ್ಟಿಲು ಸ್ಪೀಕರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಆಡುವ ಇಂದಿನ ಬಗೆಯ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ವಿವರಿಸಿದರು. ಅಂದಿನಿಂದ ಅದರ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಬದಲಾದದ್ದು ನಮ್ಮ ಆಸೆ. ನಾಲ್ಕು ಓಮ್‌ಗಳ ಒಂದು ಸ್ಪೀಕರಿನ ಜೊತೆಗೆ ಅಂಥದೇ ಇನ್ನೊಂದನ್ನು ಸಮಾಂತರವಾಗಿ ಜೋಡಿಸಿದರೆ ಎರಡು ಓಮ್ ಆಗುತ್ತದೆ, ಮತ್ತೆರಡು ಸೇರಿಸಿದರೆ ಒಂದು. ಪ್ರತಿ ಸಲವೂ ಆಂಪ್ಲಿಫೈಯರಿನ ಹೊರೆ ಇಮ್ಮಡಿ. ಎತ್ತಿಗೆ ಹೊರಲಾರದ ಮೂಟೆ ಹೇರಿ, ಬಿದ್ದಾಗ ಎತ್ತಿನ ಮೇಲೆ ತಪ್ಪು ಹೊರಿಸಿದಂತೆ ಇದು.

ಬಿಚ್ಚಲಾಗದ ಪೆಟ್ಟಿಗೆ

ಸದ್ದಿಗೂ ಒಂದು ಮಿತಿಯಿದೆ. ಶಬ್ದ ಮಾಲಿನ್ಯ ತಡೆಯುವ 2000ನೇ ವರ್ಷದ ಕೇಂದ್ರ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ಸುಪ್ರೀಂ ಕೋರ್ಟು 2005ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ರಿಪೇರಿಯಾದ ಪೆಟ್ಟಿಗೆ ಪಕ್ಕದ ಮನೆಯ ಮಗುವಿನ ನಿದ್ದೆ ಕೆಡಿಸಬಾರದು ಎಂಬುದು ಕಾನೂನಿಗಿಂತ ಹಳೆಯದಾದ ಊರಿನ ಮಾತು.

ಆದರೆ ಇಂದು ಆತಂಕ ಹುಟ್ಟಿಸುವುದು ಸದ್ದಲ್ಲ, ಇನ್ನೊಂದು ಬಗೆಯ ಮೌನ. ಹಿಂದೆ ಎಷ್ಟೋ ರೇಡಿಯೋಗಳ ಜೊತೆಗೆ ಅವುಗಳ ಸರ್ಕ್ಯೂಟಿನ ನಕ್ಷೆಯೂ ಸಿಗುತ್ತಿತ್ತು. ಈಗ ಹಲವು ಪೆಟ್ಟಿಗೆಗಳಲ್ಲಿ ನಕ್ಷೆಯಿಲ್ಲ. ಕೆಲವದರಲ್ಲಿ ಐಸಿಯ ಮೇಲಿನ ಸಂಖ್ಯೆಯನ್ನೇ ಉಜ್ಜಿ ಅಳಿಸಿರುತ್ತಾರೆ. ಬಿಡಿಭಾಗಗಳು ಸಾಸಿವೆಗಿಂತ ಸಣ್ಣದಾಗಿ, ಭೂತಗನ್ನಡಿಯಿಲ್ಲದೆ ಕೈ ಹಾಕಲಾಗುವುದಿಲ್ಲ. ಹೊಸದರ ಬೆಲೆ ಇಳಿದಂತೆ ರಿಪೇರಿಯ ಕೂಲಿ ದುಬಾರಿಯಾಗಿ ಕಾಣುತ್ತದೆ. ಓಣಿಯ ಅಂಗಡಿಗಳು ಮೊಬೈಲ್ ಕವರು ಮಾರುವ ಅಂಗಡಿಗಳಾಗಿವೆ. ಅಲ್ಲಿ ಸ್ಟೂಲಿನ ಮೇಲೆ ಕೂತು ಕಲಿಯುವ ಹುಡುಗ ಈಗ ಅಪರೂಪ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ನೇಮಿಸಿತು. ಅದು ಮೊದಲಿಗೆ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳು, ವಾಹನಗಳು, ಎಲೆಕ್ಟ್ರಾನಿಕ್ ಸಾಮಾನುಗಳು ಮೂರೂ ಇದ್ದವು. ಜಗಳೂರಿನ ಟ್ರ್ಯಾಕ್ಟರಿನ ಮೇಲೆ ಕುಳಿತ ಪೆಟ್ಟಿಗೆಗೆ ಈ ಮೂರೂ ಹೆಸರು ಒಪ್ಪುತ್ತವೆ. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕೊಂದು ಜಾಲತಾಣವೂ ಆರಂಭವಾಯಿತು. ಎಲೆಕ್ಟ್ರಾನಿಕ್ ಕಸದ ಹೊಸ ನಿಯಮಗಳು 2023ರ ಏಪ್ರಿಲಿನಿಂದ ಜಾರಿಗೆ ಬಂದಿವೆ. ಒಳ್ಳೆಯ ಆರಂಭವೇ. ಆದರೆ ಹಕ್ಕು ಕಾಗದದ ಮೇಲೆ ಬಂದಾಗ ಅದನ್ನು ಬಳಸಬಲ್ಲ ಕೈಗಳು ಊರಿನಲ್ಲಿ ಉಳಿದಿರಬೇಕಲ್ಲ?

ವೈಬ್ರೇಟರು ಹೋಗಿ ಮಾಸ್ಫೆಟ್ ಬಂದಾಗಲೂ, ವಾಲ್ವು ಹೋಗಿ ಐಸಿ ಬಂದಾಗಲೂ ದೋಷ ಹುಡುಕುವ ಕ್ರಮವನ್ನು ಉಳಿಸಿ ಮುಂದಿನವರಿಗೆ ದಾಟಿಸಿದವರು ಈ ಓಣಿಯ ರಿಪೇರಿಯವರು. ಅವರ ವಿದ್ಯೆ ಬಹುಮಟ್ಟಿಗೆ ಬರಹಕ್ಕೆ ಇಳಿದಿಲ್ಲ. ಮುಂದಿನ ಸಲ ನಿಮ್ಮ ಗಾಡಿಯ ಹಾಡು ನಿಂತರೆ, ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಅವರಲ್ಲೊಬ್ಬರ ಮೇಜಿನ ಮೇಲೆ ಇಟ್ಟು ನೋಡಿ. ಸಾಧ್ಯವಾದರೆ ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಸೀರೀಸ್ ಬಲ್ಬು ಮಿನುಗಿ ಮಂಕಾಗುವುದನ್ನು ಅವರು ಒಮ್ಮೆ ನೋಡಲಿ.